ರಿವರ್ಸ್ ತೆಗೆಯುವಾಗ ಕರಕರ ಸದ್ದು: ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮಳೆಗಾಲ ಶುರುವಾಯಿತೆಂದರೆ ಓದುಗರಿಂದ ಈ ಪ್ರಶ್ನೆ ಬರುವುದು ಹೆಚ್ಚುತ್ತದೆ: ‘ಮುಂದಕ್ಕೆ ಓಡಿಸುವಾಗ ಏನೂ ತೊಂದರೆ ಇಲ್ಲ. ರಿವರ್ಸ್ ತೆಗೆದರೆ ಮಾತ್ರ ಕರಕರ ಅಂತ ಸದ್ದು. ಗೇರ್‌ಬಾಕ್ಸ್ ಹೋಯ್ತಾ?’

ಬಹಳಷ್ಟು ಸಲ ಗೇರ್‌ಬಾಕ್ಸಿಗೆ ಏನೂ ಆಗಿರುವುದಿಲ್ಲ. ಸದ್ದಿನ ಮೂಲ ಚಕ್ರದ ಹತ್ತಿರ, ಬ್ರೇಕಿನಲ್ಲಿ ಇರುತ್ತದೆ. ಆದರೆ ಗ್ಯಾರೇಜಿಗೆ ಹೋಗಿ ‘ರಿವರ್ಸ್ ಗೇರಲ್ಲಿ ಸೌಂಡು’ ಎಂದರೆ ಮೆಕ್ಯಾನಿಕ್ ಗಮನ ನೇರವಾಗಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಅದನ್ನೇ ‘ಹಿಂದಕ್ಕೆ ಉರುಳುವಾಗ ಎಡಗಡೆ ಮುಂದಿನ ಚಕ್ರದಿಂದ ಸದ್ದು, ಬ್ರೇಕ್ ಒತ್ತಿದರೆ ನಿಲ್ಲುತ್ತದೆ’ ಎಂದು ಹೇಳಿ ನೋಡಿ, ಅವರು ಮೊದಲು ಚಕ್ರ ಬಿಚ್ಚುತ್ತಾರೆ. ಈ ಎರಡು ಮಾತುಗಳ ನಡುವೆ ಸಾವಿರಾರು ರೂಪಾಯಿಯ ವ್ಯತ್ಯಾಸವಿದೆ. ಹಾಗಾಗಿ ಸದ್ದು ಯಾವಾಗ, ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡುವ ಕೆಲಸವನ್ನು ನೀವೇ ಮಾಡಿಕೊಳ್ಳಿ. ರಿಪೇರಿಯನ್ನು ಬೇಕಾದರೆ ಬೇರೆಯವರಿಗೆ ಬಿಡಿ.

ಇಲ್ಲಿ ಹೇಳಿರುವುದು ಮುಖ್ಯವಾಗಿ ನಮ್ಮಲ್ಲಿ ಹೆಚ್ಚು ಓಡಾಡುವ ಸಣ್ಣ ಕಾರುಗಳಿಗೆ, ಅಂದರೆ ಕೈಯಲ್ಲಿ ಗೇರ್ ಹಾಕುವ, ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ, ಮುಂದೆ ಡಿಸ್ಕ್ ಹಿಂದೆ ಡ್ರಮ್ ಬ್ರೇಕ್ ಇರುವ ಕಾರುಗಳಿಗೆ ಅನ್ವಯಿಸುತ್ತದೆ. ಈಕೋ, ಬೊಲೆರೊ ಥರದ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳ ವಿಷಯ ನಡುವೆ ಬರುತ್ತದೆ.

ಹಿಂದಕ್ಕೆ ಹೋಗುವಾಗಲೇ ಏಕೆ?

ಕಾರು ತನ್ನ ಆಯುಸ್ಸಿನ ಬಹುಪಾಲು ಮುಂದಕ್ಕೇ ಓಡುತ್ತದೆ. ಬ್ರೇಕ್ ಪ್ಯಾಡುಗಳು, ಕ್ಲಿಪ್ಪುಗಳು, ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್‌ಗಳು ಎಲ್ಲವೂ ಆ ದಿಕ್ಕಿನ ಒತ್ತಡಕ್ಕೆ ಒಗ್ಗಿ ಒಂದು ಜಾಗದಲ್ಲಿ ಕೂತಿರುತ್ತವೆ. ರಿವರ್ಸ್ ಹಾಕಿದಾಗ ಒತ್ತಡ ತಿರುವುಮುರುವಾಗುತ್ತದೆ. ಪ್ಯಾಡು ತನ್ನ ಗೂಡಿನೊಳಗೆ ಆಚೆ ಬದಿಗೆ ಸರಿಯುತ್ತದೆ, ಎಂಜಿನ್ ಎದುರು ದಿಕ್ಕಿಗೆ ವಾಲುತ್ತದೆ. ಮುಂದಕ್ಕೆ ಹೋಗುವಾಗ ತಾಗದಿದ್ದದ್ದು ಈಗ ತಾಗುತ್ತದೆ.

ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ರಿವರ್ಸ್ ತೆಗೆಯುವುದು ನಿಧಾನವಾಗಿ, ಕಿಟಕಿ ಇಳಿಸಿಕೊಂಡು, ಬಹಳ ಸಲ ಕಾಂಪೌಂಡ್ ಗೋಡೆಯ ಪಕ್ಕ ಇಲ್ಲವೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಗೋಡೆಗೆ ಬಡಿದ ಸದ್ದು ವಾಪಸು ಕಿವಿಗೆ ಬರುತ್ತದೆ. ರಸ್ತೆಯಲ್ಲಿ ಟೈರು, ಗಾಳಿಯ ಸದ್ದಿನಲ್ಲಿ ಮುಚ್ಚಿಹೋಗಿದ್ದ ದೋಷ ಇಲ್ಲಿ ಕೇಳಿಸುತ್ತದೆ. ಆದ್ದರಿಂದ ಮೊದಲು ಅದೇ ಗೋಡೆಯ ಪಕ್ಕ, ಅದೇ ವೇಗದಲ್ಲಿ, ಕಿಟಕಿ ಇಳಿಸಿ ಮುಂದಕ್ಕೂ ಓಡಿಸಿ ನೋಡಿ. ಸದ್ದು ಆಗಲೂ ಬಂದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ.

ಬೇಕಾದ ಸಾಮಾನು, ಮುನ್ನೆಚ್ಚರಿಕೆ

ಕಾರಿನ ಜೊತೆ ಬಂದ ಜ್ಯಾಕ್, ವೀಲ್ ಸ್ಪ್ಯಾನರ್, ಚಕ್ರಕ್ಕೆ ಒತ್ತು ಕೊಡಲು ಎರಡು ದೊಡ್ಡ ಕಲ್ಲು ಅಥವಾ ಮರದ ತುಂಡು, ಟಾರ್ಚ್, ಕೈಗವಸು, ಮಾಸ್ಕ್, ಸಹಾಯಕ್ಕೆ ಒಬ್ಬರು. ಜಾಗ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮಳೆಯಲ್ಲಿ ನೆನೆದ ಮಣ್ಣಿನ ಮೇಲೆ ಜ್ಯಾಕ್ ನಿಲ್ಲಿಸಬೇಡಿ, ಭಾರ ಬೀಳುತ್ತಿದ್ದ ಹಾಗೆ ಕುಸಿಯುತ್ತದೆ.

ಕಾರಿನ ಜ್ಯಾಕ್ ಇರುವುದು ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಭರವಸೆಯ ಮೇಲೆ ಗಾಡಿಯ ಕೆಳಗೆ ತಲೆ ಹಾಕಬೇಡಿ, ಕೈಯನ್ನೂ ಅಡಿಯಲ್ಲಿ ಚಾಚಬೇಡಿ. ಬಿಚ್ಚಿದ ಚಕ್ರವನ್ನು ಅಡ್ಡಡ್ಡವಾಗಿ ಬಾಗಿಲಿನ ಕೆಳಭಾಗದ ಅಡಿ ತಳ್ಳಿಡಿ. ಜ್ಯಾಕ್ ಜಾರಿದರೂ ಕಾರು ನೆಲಕ್ಕೆ ಬಡಿಯುವುದಿಲ್ಲ.

ಬ್ರೇಕ್ ಪೆಡಲ್ ಎಂದಿಗಿಂತ ಕೆಳಗೆ ಹೋಗುತ್ತಿದ್ದರೆ, ಬ್ರೇಕ್ ದೀಪ ಹತ್ತಿದ್ದರೆ, ಚಕ್ರದ ಬಳಿ ಸುಟ್ಟ ವಾಸನೆ ಇದ್ದರೆ, ಇಲ್ಲವೇ ಬ್ರೇಕ್ ಒತ್ತಿದಾಗೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬರುತ್ತಿದ್ದರೆ ಕಾರು ಓಡಿಸಬೇಡಿ. ಮೆಕ್ಯಾನಿಕ್‌ರನ್ನು ಮನೆಗೇ ಕರೆಸಿ.

ಹಂತ 1: ಸದ್ದು ಯಾವ ಗಳಿಗೆಯಲ್ಲಿ?

ಡ್ರೈವರ್ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸಿ ನೀವು ಹೊರಗೆ ನಿಲ್ಲಿ. ಕಾರಿನ ಹಿಂದೆ ನಿಲ್ಲಬೇಡಿ, ಪಕ್ಕದಲ್ಲಿ ಎರಡು ಮಾರು ದೂರವಿರಿ. ನಡೆಯುವ ವೇಗಕ್ಕಿಂತ ಜೋರಾಗಿ ಹೋಗದಂತೆ ಹೇಳಿ. ಗೇರ್ ಬೀಳುವ ಕ್ಷಣದಲ್ಲಿ ಒಮ್ಮೆ ‘ಗರ್ರ್’ ಅಂತ ಬಂದು ನಿಂತುಹೋಯಿತೇ? ಕಾರು ಚಲಿಸುವಷ್ಟು ಹೊತ್ತೂ ಬಂತೇ? ಚಕ್ರ ಸುತ್ತಿದಂತೆಲ್ಲ ‘ಕರ್... ಕರ್... ಕರ್’ ಎಂದು ಲೆಕ್ಕವಾಗಿ ಬಂತೇ? ಬ್ರೇಕ್ ಮೆಲ್ಲಗೆ ಒತ್ತಿದಾಗ ಹೆಚ್ಚಾಯಿತೇ, ನಿಂತಿತೇ? ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರವೇ? ಫೋನಿನಲ್ಲಿ ಒಂದೊಂದು ಚಕ್ರದ ಬಳಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಗ್ಯಾರೇಜಿಗೆ ಹೋದಾಗ ಸದ್ದು ಬರದೇ ಹೋಗುವುದು ಮಾಮೂಲು.

ಒಂದು ಸದ್ದನ್ನು ಈಗಲೇ ಪಟ್ಟಿಯಿಂದ ತೆಗೆದುಹಾಕೋಣ. ರಿವರ್ಸಿನಲ್ಲಿ ವೇಗ ಏರಿದಂತೆ ‘ಉಂಯ್ಯ್’ ಎಂದು ಏರುವ, ಒರಟಿಲ್ಲದ ದನಿ ದೋಷವಲ್ಲ. ಮುಂದಿನ ಗೇರುಗಳ ಹಲ್ಲು ಓರೆಯಾಗಿರುವುದರಿಂದ ಮೆತ್ತಗೆ ಕೂಡಿಕೊಳ್ಳುತ್ತವೆ. ರಿವರ್ಸ್ ಗೇರಿನ ಹಲ್ಲು ಹೆಚ್ಚಿನ ಸಣ್ಣ ಕಾರುಗಳಲ್ಲಿ ನೇರವಾಗಿರುತ್ತದೆ, ಅದು ಹಾಗೇ ಕೂಗುತ್ತದೆ. ಕಾರು ಹೊಸದಾಗಿದ್ದಾಗಲೂ ಕೂಗುತ್ತಿತ್ತು.

ಹಂತ 2: ನ್ಯೂಟ್ರಲ್‌ನಲ್ಲಿ ತಳ್ಳಿ ನೋಡಿ

ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಇದೊಂದನ್ನು ಮಾಡಿದರೆ ಅರ್ಧ ಗೊಂದಲ ತೀರುತ್ತದೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ಲಾಕ್ ಆಗದಂತೆ ಇಗ್ನಿಷನ್ ಆನ್ ಇಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಡಿ. ಸೀಟಿನಲ್ಲಿ ಒಬ್ಬರು ಇರಲೇಬೇಕು. ಎಂಜಿನ್ ಆಫ್ ಇದ್ದಾಗ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಜೋರಾಗಿ ಒತ್ತಬೇಕಾಗುತ್ತದೆ ಎಂದು ಅವರಿಗೆ ಮೊದಲೇ ತಿಳಿಸಿ. ಇಬ್ಬರು ಮುಂದಿನಿಂದ ಕಾರನ್ನು ಹಿಂದಕ್ಕೆ ತಳ್ಳಲಿ. ಇಳಿಜಾರಿನಲ್ಲಿ ಇದನ್ನು ಮಾಡಬೇಡಿ.

ಎಂಜಿನ್ ಸದ್ದೇ ಇಲ್ಲದ ಕಾರಣ ಸಣ್ಣ ಉಜ್ಜಾಟವೂ ಸ್ಪಷ್ಟವಾಗಿ ಕೇಳುತ್ತದೆ. ಈಗಲೂ ಕರಕರ ಬಂದರೆ ರಿವರ್ಸ್ ಗೇರು ನಿರಪರಾಧಿ, ಏಕೆಂದರೆ ಅದು ಈಗ ಕೂಡಿಕೊಂಡೇ ಇಲ್ಲ. ದೋಷ ಚಕ್ರ, ಬ್ರೇಕ್, ಬೇರಿಂಗ್ ಅಥವಾ ಆಕ್ಸಲ್ ಕಡೆಗಿದೆ, 4ನೇ ಹಂತಕ್ಕೆ ಹೋಗಿ. ಕಾರು ಮೌನವಾಗಿ ಉರುಳಿದರೆ 3ನೇ ಮತ್ತು 6ನೇ ಹಂತ ನೋಡಿ.

ಹಂತ 3: ಗೇರ್ ಹಾಕುವಾಗ ಮಾತ್ರ ‘ಗರ್ರ್’

ಮುಂದಿನ ಗೇರುಗಳಿಗೆ ಸಿಂಕ್ರೊಮೆಶ್ ಎಂಬ ವ್ಯವಸ್ಥೆ ಇರುತ್ತದೆ. ಕೂಡಿಕೊಳ್ಳಬೇಕಾದ ಎರಡು ಭಾಗಗಳ ವೇಗವನ್ನು ಮೊದಲು ಸಮ ಮಾಡಿ ಆಮೇಲೆ ಹಲ್ಲಿಗೆ ಹಲ್ಲು ಕೂಡಿಸುವ ಹಿತ್ತಾಳೆಯ ಉಂಗುರಗಳು ಅವು. ಹೆಚ್ಚಿನ ಸಣ್ಣ ಕಾರುಗಳ ರಿವರ್ಸ್‌ಗೆ ಆ ಅನುಕೂಲ ಇಲ್ಲ. ಒಳಗಿನ ಶಾಫ್ಟ್ ಇನ್ನೂ ತಿರುಗುತ್ತಿರುವಾಗಲೇ ಗೇರ್ ದೂಡಿದರೆ ಹಲ್ಲಿಗೆ ಹಲ್ಲು ಉಜ್ಜಿ ಗರ್ರ್ ಅನ್ನುತ್ತದೆ.

ಹೀಗೆ ಮಾಡಿ: ಕಾರು ಪೂರ್ತಿ ನಿಲ್ಲಲಿ. ಕ್ಲಚ್ ತಳಮಟ್ಟ ಒತ್ತಿ, ಎರಡು ಮೂರು ಸೆಕೆಂಡು ತಡೆಯಿರಿ, ಆಮೇಲೆ ರಿವರ್ಸ್ ಹಾಕಿ. ಆಗಲೂ ತಕರಾರು ಮಾಡಿದರೆ ಕ್ಲಚ್ ಒತ್ತಿಕೊಂಡೇ ಒಮ್ಮೆ ಫಸ್ಟ್‌ಗೆ ಹಾಕಿ ತೆಗೆದು ನಂತರ ರಿವರ್ಸ್‌ಗೆ ಹಾಕಿ. ಫಸ್ಟ್‌ಗೆ ಹಾಕಿದಾಗ ಆ ಶಾಫ್ಟ್ ನಿಂತುಬಿಡುತ್ತದೆ. ಇಷ್ಟಕ್ಕೇ ಸದ್ದು ಹೋದರೆ ಅದು ಅಭ್ಯಾಸದ ವಿಷಯ, ರಿಪೇರಿ ಬೇಡ. ಟ್ರಾಫಿಕ್ಕಿನಲ್ಲಿ ಕಾರು ಇನ್ನೂ ಮುಂದಕ್ಕೆ ಉರುಳುತ್ತಿರುವಾಗಲೇ ರಿವರ್ಸ್ ಎಳೆಯುವವರ ಗೇರಿನ ಹಲ್ಲಿನ ತುದಿ ದಿನಾ ಸ್ವಲ್ಪ ಸ್ವಲ್ಪ ಒಡೆಯುತ್ತಿರುತ್ತದೆ, ದಯವಿಟ್ಟು ಆ ಅಭ್ಯಾಸ ಬಿಡಿ.

ಇಷ್ಟು ಮಾಡಿಯೂ ಗರ್ರ್ ಅನ್ನುತ್ತದೆಯೇ? ಎಂಜಿನ್ ಆಫ್ ಮಾಡಿ ರಿವರ್ಸ್ ಹಾಕಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಆನ್ ಇದ್ದಾಗ ಮಾತ್ರ ಉಜ್ಜಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಗ್ಯಾರೇಜಿಗೆ ಹೋಗುವ ಮೊದಲು ಪೆಡಲಿನ ಕೆಳಗೆ ನೋಡಿ. ಅಂಗಡಿಯಲ್ಲಿ ಕೊಂಡು ಹಾಕಿದ ದಪ್ಪ ಮ್ಯಾಟ್ ಮುದುಡಿಕೊಂಡು ಪೆಡಲ್ ಕೊನೆಯ ಒಂದು ಅಂಗುಲ ಇಳಿಯದಂತೆ ತಡೆಯುತ್ತಿರುವುದು ಅಪರೂಪವೇನಲ್ಲ. ಮ್ಯಾಟ್ ಸರಿಯಿದ್ದರೆ, ಕೇಬಲ್ ಇರುವ ಕಾರುಗಳಲ್ಲಿ ಕೇಬಲ್ ಹೊಂದಾಣಿಕೆ ಮಾಡಿಸಬೇಕು. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್ ಆದರೆ ಆಯಿಲ್ ಮಟ್ಟ ನೋಡಿ, ಪೈಪಿನಲ್ಲಿ ಗಾಳಿ ಸೇರಿದ್ದರೆ ತೆಗೆಸಬೇಕು. ಕ್ಲಚ್ ಪ್ಲೇಟ್ ಬದಲಿಸುವ ಮಾತು ಇವೆಲ್ಲ ಆದಮೇಲೆ.

ಹಂತ 4: ಚಕ್ರ ಬಿಚ್ಚಿ ಬ್ರೇಕ್ ನೋಡುವುದು

ನಮ್ಮ ಕಡೆಯ ಬಹುಪಾಲು ಕರಕರ ಇಲ್ಲಿ ಬಗೆಹರಿಯುತ್ತದೆ.

ಮೊದಲಿಗೆ, ರಾತ್ರಿಯಿಡೀ ಮಳೆ ಸುರಿದು ಬೆಳಿಗ್ಗೆ ಮೊದಲ ಸಲ ರಿವರ್ಸ್ ತೆಗೆದಾಗ ಬರುವ ಸದ್ದಿಗೆ ಗಾಬರಿ ಬೇಡ. ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ, ಅಂದರೆ ಡಿಸ್ಕ್, ಬರಿಯ ಬೀಡುಕಬ್ಬಿಣ, ಬಣ್ಣವಿಲ್ಲ. ಒಂದು ರಾತ್ರಿಯಲ್ಲಿ ಅದರ ಮೇಲೆ ಕೇಸರಿ ಬಣ್ಣದ ತೆಳು ತುಕ್ಕು ಕೂರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ನಾಲ್ಕಾರು ಸಲ ಬ್ರೇಕ್ ಹಿಡಿದರೆ ಪ್ಯಾಡುಗಳೇ ಉಜ್ಜಿ ತೆಗೆಯುತ್ತವೆ. ಒಂದೆರಡು ಕಿಲೋಮೀಟರ್ ಹೋದ ಮೇಲೂ ಇದ್ದರೆ ಮಾತ್ರ ಮುಂದಕ್ಕೆ ಓದಿ.

ಮುಂದಿನ ಚಕ್ರ ಎತ್ತುವಾಗ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಡಿ. ಹಿಂದಿನ ಚಕ್ರ ಎತ್ತುವಾಗ ಕ್ರಮ ಬೇರೆ, ಇಲ್ಲಿಯೇ ಬಹಳ ಜನ ಎಡವುವುದು: ಹ್ಯಾಂಡ್‌ಬ್ರೇಕ್ ಹಿಡಿಯುವುದೇ ಹಿಂದಿನ ಚಕ್ರವನ್ನು, ಹಾಗಾಗಿ ಅದನ್ನು ಬಿಡದಿದ್ದರೆ ಚಕ್ರ ತಿರುಗುವುದಿಲ್ಲ. ಬಿಡುವ ಮೊದಲು ಮುಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು ಫಸ್ಟ್ ಗೇರಿನಲ್ಲಿ ಇಡಬೇಕು. ಎರಡರಲ್ಲೂ ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿಕೊಳ್ಳಿ.

ಚಕ್ರ ಬಿಚ್ಚುವ ಮುನ್ನ ಎತ್ತಿದ ಚಕ್ರವನ್ನು ಕೈಯಿಂದ ಹಿಂದುಮುಂದಾಗಿ ತಿರುಗಿಸಿ. ಸುತ್ತಿಗೊಮ್ಮೆ ಕರ್ ಅನ್ನುತ್ತಿದ್ದರೆ ಯಾವುದೋ ಒಂದೇ ಜಾಗ ತಾಗುತ್ತಿದೆ. ಆಮೇಲೆ ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಾಡಿಸಿ. ಆಟ ಇದ್ದು ಟಕ್ ಎಂದರೆ ವೀಲ್ ಬೇರಿಂಗ್ ಅನುಮಾನ. ಬೇರಿಂಗ್ ಹೋಗಿದ್ದರೆ ಮುಂದಕ್ಕೆ ಓಡುವಾಗಲೂ ವೇಗದ ಜೊತೆ ಏರುವ ಗುಂಯ್‌ಗುಡುವ ಸದ್ದು ಇರುತ್ತದೆ, ತಿರುವಿನಲ್ಲಿ ಅದು ಹೆಚ್ಚು ಕಡಿಮೆ ಆಗುತ್ತದೆ. ಅದನ್ನು ಮುಂದೂಡಬೇಡಿ.

ಈಗ ಚಕ್ರ ಬಿಚ್ಚಿ. ಕಾರು ಆಗತಾನೇ ಓಡಿದ್ದರೆ ಡಿಸ್ಕ್ ಸುಡುತ್ತದೆ, ಅರ್ಧ ಗಂಟೆ ಬಿಡಿ. ಡಿಸ್ಕಿನ ಹಿಂದೆ ತೆಳು ತಗಡಿನ ತಟ್ಟೆಯೊಂದು ಕಾಣುತ್ತದೆ. ಕೆಸರು, ನೀರು ಸಿಡಿಯದಂತೆ ತಡೆಯುವ ಡಸ್ಟ್ ಶೀಲ್ಡ್ ಅದು. ಜಲ್ಲಿ ಹಾಕಿದ ಘಾಟಿ ರಸ್ತೆಯಲ್ಲೋ ತೋಟದ ದಾರಿಯಲ್ಲೋ ಹೋಗಿ ಬಂದಿದ್ದರೆ ಈ ತಗಡು ಮತ್ತು ಡಿಸ್ಕಿನ ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿರುತ್ತದೆ. ಮುಂದಕ್ಕೆ ತಿರುಗುವಾಗ ಕಲ್ಲು ಅಗಲವಿರುವ ಕಡೆಗೆ ಸರಿದು ಸುಮ್ಮನಿರುತ್ತದೆ, ಹಿಂದಕ್ಕೆ ತಿರುಗಿದಾಗ ಇಕ್ಕಟ್ಟಿಗೆ ಸಿಕ್ಕಿ ಉಜ್ಜುತ್ತದೆ. ಟಾರ್ಚ್ ಬಿಟ್ಟು ಡಿಸ್ಕಿನ ಒಳಮೈ ನೋಡಿ. ಗೀಚಿದಂಥ ಒಂದೇ ಒಂದು ಹೊಳೆಯುವ ವೃತ್ತ ಕಂಡರೆ ಕಲ್ಲು ಅಥವಾ ಬಾಗಿದ ತಗಡು ತಾಗಿದ್ದೇ ಸರಿ. ಉದ್ದನೆಯ ಸ್ಕ್ರೂಡ್ರೈವರ್‌ನಿಂದ ತಗಡನ್ನು ಮೆಲ್ಲಗೆ ಆಚೆ ಬಾಗಿಸಿ, ಡಿಸ್ಕನ್ನು ಕೈಯಿಂದ ಎರಡೂ ಕಡೆ ತಿರುಗಿಸಿ, ಕಲ್ಲು ಕೆಳಗೆ ಬೀಳುತ್ತದೆ. ಆಮೇಲೆ ಸುತ್ತಲೂ ಸಮನಾದ ಸಂದು ಉಳಿಯುವಂತೆ ತಗಡನ್ನು ನೇರ ಮಾಡಿ. ಕೆಲವರು ತಗಡನ್ನೇ ಕಿತ್ತು ಬಿಸಾಡಿ ಎನ್ನುತ್ತಾರೆ. ಒಪ್ಪಬೇಡಿ, ಮುಂದಿನ ಮಳೆಗಾಲದಲ್ಲಿ ಒಳಗಿನ ಪ್ಯಾಡು ಕೆಸರು ತಿಂದು ಸವೆಯುತ್ತದೆ. ರಿಮ್ಮಿನ ಒಳಗೆ ಒಣಗಿ ಗಟ್ಟಿಯಾದ ಕೆಂಪು ಮಣ್ಣಿನ ಹೆಂಟೆ ಇದ್ದರೆ ಅದನ್ನೂ ಕೆರೆದು ತೊಳೆಯಿರಿ.

ಮುಂದೆ ಪ್ಯಾಡುಗಳು. ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ತುಂಡುಗಳು ಇವು, ಅವನ್ನು ಒತ್ತುವ ಗಟ್ಟಿ ಚಿಪ್ಪಿನ ಹೆಸರು ಕ್ಯಾಲಿಪರ್. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ. ಹೊರಗಿನ ಪ್ಯಾಡ್ ಸುಲಭವಾಗಿ ಕಾಣುತ್ತದೆ, ಅದನ್ನಷ್ಟೇ ನೋಡಿ ‘ಇನ್ನೂ ಇದೆ’ ಎಂದು ಚಕ್ರ ಹಾಕಿಬಿಡುವುದು ದೊಡ್ಡ ತಪ್ಪು. ಒಳಗಿನದು ಪೂರ್ತಿ ಸವೆದು ಪ್ಯಾಡಿನ ಬೆನ್ನಿನ ಕಬ್ಬಿಣದ ತಗಡೇ ಡಿಸ್ಕಿಗೆ ಉಜ್ಜುತ್ತಿರಬಹುದು. ಒಂದು ಪ್ಯಾಡ್ ಇನ್ನೊಂದಕ್ಕಿಂತ ಬಹಳ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದು ಸಿಕ್ಕಿಕೊಂಡಿವೆ. ಬರೀ ಪ್ಯಾಡ್ ಬದಲಿಸಿದರೆ ಮತ್ತೆ ಅದೇ ಕಥೆ. ಪಿನ್ ಬಿಡಿಸಿ, ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಹಚ್ಚಿಸಬೇಕು. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿಕೊಳ್ಳುತ್ತದೆ.

ಹೊಸ ಪ್ಯಾಡ್ ಹಾಕಿಸಿದ ಮೇಲೆಯೇ ಸದ್ದು ಶುರುವಾಗಿದ್ದರೆ ಎರಡು ಕಡೆ ನೋಡಿ. ಪ್ಯಾಡ್ ಅಲುಗದಂತೆ ಹಿಡಿಯುವ ಸ್ಟೀಲ್ ಕ್ಲಿಪ್ಪುಗಳನ್ನು ಹಾಕದೇ ಬಿಟ್ಟಿರಬಹುದು. ಇಲ್ಲವೇ ಹಳೆಯ ಡಿಸ್ಕಿನ ಅಂಚಿನಲ್ಲಿ ಸವೆಯದೆ ಉಳಿದ ತುಕ್ಕಿನ ದಿಂಡು ಇದ್ದು, ಹಿಂದಕ್ಕೆ ಹೋಗುವಾಗ ಸರಿದ ಹೊಸ ಪ್ಯಾಡಿನ ತುದಿ ಅದಕ್ಕೆ ತಾಗುತ್ತಿರಬಹುದು. ಡಿಸ್ಕನ್ನು ಲೇತಿಗೆ ಕೊಟ್ಟು ಸಮ ಮಾಡಿಸಬಹುದು. ಆದರೆ ಅದರ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಲೇತ್ ಆದಮೇಲೂ ಅದಕ್ಕಿಂತ ಕಡಿಮೆ ಆಗಬಾರದು.

ನೀವೇ ಪ್ಯಾಡ್ ಬದಲಿಸುವುದಾದರೆ ಎರಡು ಮಾತು. ಕ್ಯಾಲಿಪರ್ ಒಳಗಿನಿಂದ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಉಕ್ಕಿ ಬರುತ್ತದೆ, ಅದು ಬಿದ್ದಲ್ಲಿ ಪೇಂಟ್ ಕಿತ್ತುಬರುತ್ತದೆ, ತಕ್ಷಣ ನೀರಿನಲ್ಲಿ ತೊಳೆಯಿರಿ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು: ಕೆಲಸ ಮುಗಿದು ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಬೇಕು. ಮರೆತರೆ ಮೊದಲ ಸಲ ಬ್ರೇಕ್ ಒತ್ತಿದಾಗ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಡನ್ನು ಯಾವಾಗಲೂ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ನಿಮ್ಮೂರಿನ ಬಿಡಿಭಾಗದ ಅಂಗಡಿಯಲ್ಲಿ ಕೊಂಡರೂ ಕಂಪನಿಯ ಹೆಸರು, ಪಾರ್ಟ್ ನಂಬರ್ ಇರುವ ಸೀಲಾದ ಡಬ್ಬವನ್ನೇ ಕೇಳಿ, ಬಿಲ್ ತೆಗೆದುಕೊಳ್ಳಿ.

ಹಿಂದಿನ ಡ್ರಮ್ ಬ್ರೇಕ್ ಮುಚ್ಚಿದ ಡಬ್ಬಿ. ಒಳಗೆ ಲೈನರ್ ಎಂಬ ಉಜ್ಜುವ ಪದರ ಅಂಟಿಸಿದ ಎರಡು ಶೂಗಳು ಇರುತ್ತವೆ. ಹ್ಯಾಂಡ್‌ಬ್ರೇಕ್ ಎಳೆದು ಮಳೆಯಲ್ಲಿ ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ತೆಗೆಯುವಾಗ ಟಕ್ ಎಂದು ಬಿಟ್ಟು ಆಮೇಲೆ ಕರಕರ ಶುರುವಾದರೆ ಲೈನರ್ ಕಿತ್ತುಬಂದಿರಬಹುದು, ಓಡಿಸದೆ ತೋರಿಸಿ. ಊರಿಗೆ ಹೋಗುವಾಗ ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರ್ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಹೋಗುವುದು ಮೇಲು. ಡ್ರಮ್ ಬಿಚ್ಚುವ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ. ಕೆಲವು ಕಾರುಗಳಲ್ಲಿ ಡ್ರಮ್ ಜೊತೆಗೇ ಬೇರಿಂಗ್ ಬರುತ್ತದೆ, ನಡುವಿನ ದೊಡ್ಡ ನಟ್ ಹೊಸದು ಹಾಕಬೇಕಾಗುತ್ತದೆ. ಒಳಗಿನ ಧೂಳನ್ನು ಊದಲು, ಗಾಳಿ ಹೊಡೆಯಲು ಯಾರಿಗೂ ಬಿಡಬೇಡಿ. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒರೆಸಬೇಕು. ಡೀಸೆಲ್, ಎಣ್ಣೆ ಸೋಕಿದ ಲೈನರ್ ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಚಕ್ರ ವಾಪಸು ಹಾಕುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ, ಕೊನೆಯ ಬಿಗಿ ಚಕ್ರ ನೆಲ ಮುಟ್ಟಿದ ಮೇಲೆ. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯಬೇಡಿ, ಬೋಲ್ಟ್ ಹಿಗ್ಗುತ್ತದೆ. ಮರುದಿನ ಇನ್ನೊಮ್ಮೆ ಪರೀಕ್ಷಿಸಿ.

ಹಂತ 5: ಸ್ಟೀರಿಂಗ್ ತಿರುಗಿಸಿದಾಗ ಮಾತ್ರ

ಸ್ಟೀರಿಂಗ್ ಕೊನೆವರೆಗೆ ತಿರುಗಿಸಿ ಹಿಂದಕ್ಕೆ ಬಂದಾಗ ‘ಟಕ ಟಕ ಟಕ’ ಎಂದರೆ ಸಿ.ವಿ. ಜಾಯಿಂಟ್ ನೋಡಿ. ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು, ಚಕ್ರ ತಿರುಗಿದ್ದರೂ ತಡೆಯಿಲ್ಲದೆ ಮುಟ್ಟಿಸುವ ಕೀಲು ಇದು. ಅದರ ಮೇಲೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ಬೂಟ್ ಹರಿದರೆ ತಿರುಗುವ ರಭಸಕ್ಕೆ ಕಪ್ಪು ಗ್ರೀಸ್ ರಿಮ್ಮಿನ ಒಳಮೈ ತುಂಬ ಸಿಡಿದಿರುತ್ತದೆ. ಗ್ರೀಸ್ ಸಿಡಿದಿದ್ದು ಸದ್ದು ಇನ್ನೂ ಬಂದಿಲ್ಲದಿದ್ದರೆ ಬೂಟ್ ಬದಲಿಸಿ ಹೊಸ ಗ್ರೀಸ್ ತುಂಬಿಸಿದರೆ ಸಾಕು. ಸದ್ದು ಬಂದಮೇಲೆ ಜಾಯಿಂಟೇ ಹೊಸದು ಬೇಕು.

ಟಕಟಕ ಇಲ್ಲದೆ ‘ಸರ್ರ್’ ಎಂದು ಉಜ್ಜಿದರೆ ಟೈರು ಒಳಗಿನ ಪ್ಲಾಸ್ಟಿಕ್ ಮರೆಗೆ ತಾಗುತ್ತಿರಬಹುದು. ಅಗಲದ ಟೈರು ಹಾಕಿಸಿದ ಕಾರುಗಳಲ್ಲಿ ಇದು ಹೆಚ್ಚು. ಪ್ಲಾಸ್ಟಿಕ್ ಮೇಲೆ ಉಜ್ಜಿ ನುಣುಪಾದ ಗುರುತು ಸಿಗುತ್ತದೆ, ಕಿತ್ತುಹೋದ ಕ್ಲಿಪ್ ಹಾಕಿಸಿದರೆ ಎಷ್ಟೋ ಸಲ ಮುಗಿಯಿತು.

ಈಕೋ, ಬೊಲೆರೊದಂಥ ಗಾಡಿಗಳಲ್ಲಿ ರಿವರ್ಸ್ ಹಾಕಿ ಕ್ಲಚ್ ಬಿಟ್ಟಾಗ ಅಡಿಯಿಂದ ‘ಠಣ್’ ಎಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲಿನ ಕ್ರಾಸ್ ಸವೆದಿದೆಯೇ ಎಂದು ನೋಡಿಸಿ.

ಹಂತ 6: ಮೌಂಟಿಂಗ್, ಸೈಲೆನ್ಸರ್, ಕೊನೆಗೆ ಗೇರ್‌ಬಾಕ್ಸ್

ಬಾನೆಟ್ ತೆರೆದು ಪಕ್ಕದಲ್ಲಿ ನಿಲ್ಲಿ, ಎದುರಿಗೆ ಬೇಡ. ಒಳಗಿರುವವರು ಬ್ರೇಕನ್ನು ಬಲವಾಗಿ ಒತ್ತಿಕೊಂಡು ರಿವರ್ಸಿನಲ್ಲಿ ಕ್ಲಚ್ ಒಂಚೂರು ಬಿಡಲಿ. ಎಂಜಿನ್ ಸ್ವಲ್ಪ ವಾಲುವುದು ಸಹಜ. ಎಗರಿ ಬಡಿದರೆ ಮೌಂಟಿಂಗ್ ರಬ್ಬರ್ ಹರಿದಿದೆ. ಆಗ ಸೈಲೆನ್ಸರ್ ಪೈಪೋ, ಅದರ ಮೇಲಿನ ಶಾಖ ತಡೆಯುವ ತಗಡೋ ಅಡಿಗೆ ತಾಗಿ ಗರಗರ ಅನ್ನುತ್ತದೆ.

ಇದೆಲ್ಲ ಸರಿ ಇದ್ದು, ಕಾರು ಹಿಂದಕ್ಕೆ ಹೋಗುವಷ್ಟು ಹೊತ್ತೂ ಒರಟು ಗರಗರ ಬರುತ್ತಿದ್ದು, ಕ್ಲಚ್ ಒತ್ತಿದರೆ ಅದು ಇಳಿದು, ನ್ಯೂಟ್ರಲ್‌ನಲ್ಲಿ ತಳ್ಳಿದಾಗ ಮೌನವಿದ್ದರೆ ಆಗ ಗೇರ್‌ಬಾಕ್ಸ್ ಮಾತು. ಅಲ್ಲಿಯೂ ಮೊದಲು ಗೇರ್ ಆಯಿಲ್ ಬಿಡಿಸಿ ನೋಡಿ. ಡ್ರೈನ್ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ಕಾಡಿಗೆಯಂಥ ನುಣುಪು ಪುಡಿ ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಚೂರುಗಳು, ಹಲ್ಲಿನ ತುಣುಕು ಸಿಕ್ಕರೆ ಬಿಚ್ಚಲೇಬೇಕು. ಆಯಿಲ್ ಕಡಿಮೆಯಿದ್ದರೆ ಸೋರಿಕೆ ಎಲ್ಲಿ ಎಂದು ಹುಡುಕಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ತುಂಬಿಸಿ. ಆಟೋಮ್ಯಾಟಿಕ್ ಕಾರುಗಳಲ್ಲಿ ಈ ಕೆಲಸಕ್ಕೆ ಕೈ ಹಾಕದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಹಂತ 7: ಗ್ಯಾರೇಜಿನಲ್ಲಿ

ರೋಗದ ಹೆಸರು ನೀವು ಹೇಳಬೇಡಿ, ಲಕ್ಷಣ ಹೇಳಿ: ಯಾವ ಚಕ್ರ, ಯಾವ ಗಳಿಗೆ, ತಳ್ಳಿದಾಗ ಬಂತೋ ಇಲ್ಲವೋ, ಬ್ರೇಕ್ ಒತ್ತಿದರೆ ಏನಾಯಿತು. ರೆಕಾರ್ಡಿಂಗ್ ಕೇಳಿಸಿ. ಬದಲಿಸಿದ ಹಳೆಯ ಭಾಗವನ್ನು ವಾಪಸು ಕೊಡಿ ಎಂದು ಕೆಲಸ ಶುರುವಾಗುವ ಮೊದಲೇ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೋಡೆಯ ಪಕ್ಕ ಕಿಟಕಿ ಇಳಿಸಿ ರಿವರ್ಸ್ ತೆಗೆಯಿರಿ, ಒಮ್ಮೆ ನೇರ, ಒಮ್ಮೆ ಎಡಕ್ಕೆ ಪೂರ್ತಿ ತಿರುಗಿಸಿ, ಒಮ್ಮೆ ಬಲಕ್ಕೆ. ದುಡ್ಡು ಕೊಡುವುದು ಅದಾದ ಮೇಲೆ.